ಇಂಗ್ಲೆಂಡಿನ ಬೋರ್ಡಿಂಗ್ ಶಾಲೆಯಲ್ಲಿ ಓದಿದವರು ಮುಂದೆ ಏನಾದರು: ಪತ್ತೆ ಹಚ್ಚುವ ಬಗೆ

ಬರೀ ಹೆಸರು ಹಿಡಿದುಕೊಂಡು ಹುಡುಕಲು ಕೂತರೆ ಸ್ವಲ್ಪ ಹೊತ್ತಿಗೇ ಬೇರೆ ಯಾರದೋ ಬೆನ್ನು ಹತ್ತಿರುತ್ತೀರಿ. ವಿಕ್ಟೋರಿಯಾ ಕಾಲದ ಇಂಗ್ಲೆಂಡಿನಲ್ಲಿ ಜಾನ್, ವಿಲಿಯಂ, ಜಾರ್ಜ್‌ಗಳಿಗೆ ಬರವಿರಲಿಲ್ಲ. ಒಂದೇ ಶಾಲೆಯಲ್ಲಿ ಐದಾರು ವರ್ಷಗಳ ಅಂತರದಲ್ಲಿ ಒಂದೇ ಹೆಸರಿನ ಇಬ್ಬರು ಸಿಗುವುದುಂಟು, ಕೆಲವೊಮ್ಮೆ ಅವರು ದಾಯಾದಿಗಳೇ ಆಗಿರುತ್ತಾರೆ. ಹಾಗಾಗಿ ಮೊದಲು ನಾಲ್ಕು ಸಂಗತಿ ಗಟ್ಟಿ ಮಾಡಿಕೊಳ್ಳಿ: ನಡುವಿನ ಹೆಸರುಗಳ ಸಮೇತ ಪೂರ್ತಿ ಹೆಸರು, ಹುಟ್ಟಿದ ದಿನ, ತಂದೆಯ ಹೆಸರು ಮತ್ತು ಕಸುಬು, ಶಾಲೆಗೆ ಸೇರಿದ ವರ್ಷ ಮತ್ತು ಟರ್ಮ್. ಮುಂದೆ ಯಾವ ದಾಖಲೆ ಸಿಕ್ಕರೂ ಈ ನಾಲ್ಕರಲ್ಲಿ ಕನಿಷ್ಠ ಎರಡು ಹೊಂದಿದರೆ ಮಾತ್ರ ‘ಇವನೇ’ ಎನ್ನಿ.

ಶಾಲೆಯನ್ನೂ ಸರಿಯಾಗಿ ಗುರುತಿಸಬೇಕು. ಇಂಗ್ಲೆಂಡಿನಲ್ಲಿ ‘ಪಬ್ಲಿಕ್ ಸ್ಕೂಲ್’ ಎಂದರೆ ಸರ್ಕಾರಿ ಶಾಲೆಯಲ್ಲ, ಶುಲ್ಕ ಕೊಟ್ಟು ಓದುವ ಖಾಸಗಿ ಶಾಲೆ. 1868ರ ಪಬ್ಲಿಕ್ ಸ್ಕೂಲ್ಸ್ ಕಾಯ್ದೆಗೆ ಒಳಪಟ್ಟ ಏಳು ಶಾಲೆಗಳು (ಈಟನ್, ಹ್ಯಾರೋ, ರಗ್ಬಿ, ವಿಂಚೆಸ್ಟರ್, ವೆಸ್ಟ್‌ಮಿನ್‌ಸ್ಟರ್, ಚಾರ್ಟರ್‌ಹೌಸ್, ಶ್ರೂಸ್‌ಬರಿ) ಅಷ್ಟು ಗೊಂದಲ ಮಾಡುವುದಿಲ್ಲ. ಗೊಂದಲವೆಲ್ಲ ಉಳಿದವುಗಳಲ್ಲಿ. ಬರ್ಕ್‌ಷೈರಿನ ವೆಲ್ಲಿಂಗ್ಟನ್ ಕಾಲೇಜು ಬೇರೆ, ಸಾಮರ್ಸೆಟ್‌ನ ವೆಲ್ಲಿಂಗ್ಟನ್ ಸ್ಕೂಲ್ ಬೇರೆ. ‘ಕಿಂಗ್ಸ್ ಸ್ಕೂಲ್’ ಎಂದಷ್ಟೇ ಬರೆದಿದ್ದರೆ ಕ್ಯಾಂಟರ್‌ಬರಿ, ಈಲಿ, ರಾಚೆಸ್ಟರ್, ಬ್ರೂಟನ್ ಯಾವುದೂ ಆಗಬಹುದು. 1858ಕ್ಕೆ ಮುಂಚಿನ ‘ಹೇಲಿಬರಿ’ ಎಂದರೆ ಈಸ್ಟ್ ಇಂಡಿಯಾ ಕಂಪನಿ ತನ್ನ ನೌಕರರನ್ನು ತಯಾರು ಮಾಡುತ್ತಿದ್ದ ಕಾಲೇಜು; ಅದೇ ಆವರಣದಲ್ಲಿ ಈಗಿನ ಶಾಲೆ ಶುರುವಾದದ್ದು 1862ರಲ್ಲಿ. ಶಾಲೆ ಮುಚ್ಚಿಹೋಗಿದ್ದರೆ ಅದು ಯಾವುದರಲ್ಲಿ ವಿಲೀನವಾಯಿತು ಎಂದು ನೋಡಿ. ಕಿಪ್ಲಿಂಗ್ ಓದಿದ ಯುನೈಟೆಡ್ ಸರ್ವಿಸಸ್ ಕಾಲೇಜು ಇಂಪೀರಿಯಲ್ ಸರ್ವಿಸ್ ಕಾಲೇಜಾಗಿ, ಅದು 1942ರಲ್ಲಿ ಹೇಲಿಬರಿಯ ಜೊತೆ ಸೇರಿತು. ವಿಲೀನವೂ ಆಗದೆ ಮುಚ್ಚಿದ್ದರೆ ಆ ಕೌಂಟಿಯ ದಾಖಲೆ ಕಚೇರಿಯನ್ನು ಕೇಳಬೇಕು. ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನ ‘ಡಿಸ್ಕವರಿ’ ಸೂಚಿಯಲ್ಲಿ ಶಾಲೆಯ ಹೆಸರು ಹಾಕಿದರೆ ದಾಖಲೆ ಎಲ್ಲಿದೆ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ.

ರಿಜಿಸ್ಟರ್ ಓದುವುದು

ಹೆಚ್ಚಿನ ಹಳೆಯ ಶಾಲೆಗಳು ತಮ್ಮಲ್ಲಿ ಓದಿದವರ ರಿಜಿಸ್ಟರನ್ನು ಪುಸ್ತಕವಾಗಿ ಅಚ್ಚು ಹಾಕಿಸಿವೆ. ಹತ್ತೊಂಬತ್ತನೇ ಶತಮಾನದ ಕೊನೆಯ ಮತ್ತು ಇಪ್ಪತ್ತನೆಯದರ ಮೊದಲ ದಶಕಗಳಲ್ಲಿ ಬಂದ ಆವೃತ್ತಿಗಳಲ್ಲಿ ಅನೇಕವು ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಅದರ ನಮೂದು ಹೇಗಿರುತ್ತದೆ ಎಂದು ತೋರಿಸಲು ಇಲ್ಲೊಂದು ಮಾದರಿ ಕಟ್ಟಿದ್ದೇವೆ:

ಎ.ಬಿ., ಜ. 4 ಮೇ 1871, ಕರ್ನಲ್ ಸಿ.ಬಿ., ಆರ್.ಇ., ಇವರ 2ನೇ ಮಗ. 1885 ಸೆಪ್ಟೆಂಬರ್ – 1889 ಜುಲೈ. XV 1888. ಆರ್.ಎಂ.ಎ. ವುಲಿಚ್, ಆರ್.ಇ. 1891, ಪಿ.ಡಬ್ಲ್ಯೂ.ಡಿ., ಇಂಡಿಯಾ, ಮೇಜರ್ 1911, ನಿವೃತ್ತಿ 1920.

ಮೂರು ಸಾಲಿನಲ್ಲಿ ಹೋಗಬೇಕಾದ ದಾರಿಗಳೆಲ್ಲ ಇವೆ. ತಂದೆಯೂ ರಾಯಲ್ ಇಂಜಿನಿಯರ್ಸ್‌ನವನು, ಅಂದರೆ ಹುಡುಗ ಹುಟ್ಟಿದ್ದು ಇಂಗ್ಲೆಂಡಿನಲ್ಲೇ ಎಂದು ಭಾವಿಸುವಂತಿಲ್ಲ. ಹುಟ್ಟನ್ನು ಭಾರತದ ಚರ್ಚ್ ದಾಖಲೆಯಲ್ಲೂ ನೋಡಬೇಕು. XV ಎಂದರೆ ಶಾಲೆಯ ರಗ್ಬಿ ತಂಡ, XI ಎಂದಿದ್ದರೆ ಸಾಮಾನ್ಯವಾಗಿ ಕ್ರಿಕೆಟ್. ತಂಡದ ಫೋಟೊ ಶಾಲೆಯ ದಾಖಲೆ ಕೋಣೆಯಲ್ಲಿ ಇರುವ ಸಂಭವ ಹೆಚ್ಚು. ಆರ್.ಎಂ.ಎ. ಎಂದರೆ ತೋಪಿನ ದಳ ಮತ್ತು ಇಂಜಿನಿಯರ್ ದಳಕ್ಕೆ ಅಧಿಕಾರಿಗಳನ್ನು ತಯಾರು ಮಾಡುತ್ತಿದ್ದ ವುಲಿಚ್, ಆರ್.ಎಂ.ಸಿ. ಎಂದಿದ್ದರೆ ಕಾಲಾಳು ಮತ್ತು ಕುದುರೆ ದಳದ ಸ್ಯಾಂಡ್‌ಹರ್ಸ್ಟ್. 1947ರಲ್ಲಿ ಎರಡೂ ಒಂದಾದವು. ಆರ್.ಐ.ಇ.ಸಿ. ಎಂದರೆ ಭಾರತದ ಲೋಕೋಪಯೋಗಿ ಇಲಾಖೆಗೆ ಇಂಜಿನಿಯರ್‌ಗಳನ್ನು ಕಳಿಸುತ್ತಿದ್ದ ಕೂಪರ್ಸ್ ಹಿಲ್ ಕಾಲೇಜು, ಅದು 1906ರಲ್ಲಿ ಮುಚ್ಚಿತು. ಐ.ಎಸ್.ಸಿ. ಎಂದರೆ ಇಂಡಿಯನ್ ಸ್ಟಾಫ್ ಕೋರ್, ಅಂದರೆ ಭಾರತೀಯ ಸೇನೆಯ ಬ್ರಿಟಿಷ್ ಅಧಿಕಾರಿಗಳ ವರ್ಗ. ‘ಎಕ್ಸಿಬಿಷನ್’ ಎಂದಿದ್ದರೆ ವಸ್ತುಪ್ರದರ್ಶನವಲ್ಲ, ಸ್ಕಾಲರ್‌ಶಿಪ್ಪಿಗಿಂತ ಒಂದು ಮೆಟ್ಟಿಲು ಕೆಳಗಿನ ವಿದ್ಯಾರ್ಥಿವೇತನ. ಶಾಲೆಯ ಪಟ್ಟಿಯಲ್ಲಿ ಹೆಸರಿನ ಮುಂದೆ ‘ಮೇಜರ್’, ‘ಮೈನರ್’ ಎಂದು ಬಂದರೆ ಅಣ್ಣ, ತಮ್ಮ ಎಂದರ್ಥ. ಅದನ್ನು ಸೈನ್ಯದ ಹುದ್ದೆ ಎಂದುಕೊಂಡು ಆರ್ಮಿ ಲಿಸ್ಟ್ (ಸೈನ್ಯದ ಅಧಿಕಾರಿಗಳ ಅಚ್ಚಾದ ಪಟ್ಟಿ) ತಿರುವಿಹಾಕುವವರು ಈಗಲೂ ಇದ್ದಾರೆ.

ಹೌಸ್ (ಶಾಲೆಯೊಳಗೆ ಹುಡುಗರು ಇರುತ್ತಿದ್ದ ವಸತಿ ಮನೆ) ಹೆಸರಿನಲ್ಲೂ ಜಾಗ್ರತೆ ಬೇಕು. ಈಟನ್‌ನಲ್ಲಿ ಹೌಸನ್ನು ಆಗಿನ ಹೌಸ್‌ಮಾಸ್ಟರನ ಹೆಸರು ಇಲ್ಲವೇ ಇನಿಷಿಯಲ್ಲಿನಿಂದ ಕರೆಯುವ ರೂಢಿ. ಮಾಸ್ಟರ್ ಬದಲಾದರೆ ಅದೇ ಕಟ್ಟಡದ ಹೆಸರೂ ಬದಲಾಗುತ್ತದೆ. ವಿಂಚೆಸ್ಟರ್‌ನಲ್ಲಿ ಒಂದೇ ಹೌಸಿಗೆ ಒಂದು ಅಕ್ಷರ, ಒಂದು ಅಧಿಕೃತ ಹೆಸರು, ಒಂದು ಬಳಕೆಯ ಹೆಸರು. ಹೌಸ್ ಬೇರೆ ಎಂಬ ಒಂದೇ ಕಾರಣಕ್ಕೆ ಹುಡುಗ ಬೇರೆ ಎಂದು ತೀರ್ಮಾನಿಸಬೇಡಿ.

ಇನ್ನು ರಿಜಿಸ್ಟರಿನ ದೊಡ್ಡ ಮಿತಿ. ಅದರಲ್ಲಿರುವ ವೃತ್ತಿಯ ವಿವರ ಬಹುಪಾಲು ಹಳೆಯ ವಿದ್ಯಾರ್ಥಿಗಳೇ, ಅಥವಾ ಅವರ ಮನೆಯವರು, ಸಂಪಾದಕರ ಪತ್ರಕ್ಕೆ ಉತ್ತರವಾಗಿ ಬರೆದು ಕಳಿಸಿದ್ದು. ಚೆನ್ನಾಗಿ ಬದುಕಿದವನು ಅರ್ಧ ಪುಟ ಬರೆದ. ದಿವಾಳಿಯಾದವನು, ಶಾಲೆಯಿಂದ ಹೊರಹಾಕಿಸಿಕೊಂಡವನು, ಕುಡಿತಕ್ಕೆ ಬಿದ್ದವನು ಉತ್ತರಿಸಲೇ ಇಲ್ಲ. ಅವರ ಹೆಸರಿನ ಮುಂದೆ ಎರಡು ದಿನಾಂಕ ಮಾತ್ರ ಇರುತ್ತವೆ, ಹೆಚ್ಚೆಂದರೆ ‘ಆಸ್ಟ್ರೇಲಿಯಾಕ್ಕೆ ಹೋದ’ ಎಂಬ ಒಂದು ಮಾತು. ಹಾಗಾಗಿ ಸಿಕ್ಕಷ್ಟೂ ಆವೃತ್ತಿಗಳನ್ನು ಪಕ್ಕಪಕ್ಕ ಇಟ್ಟು ಓದಿ. ಮೊದಲ ಆವೃತ್ತಿಯಲ್ಲಿದ್ದ ವಿಳಾಸವನ್ನು ಮುಂದಿನದರಲ್ಲಿ ಕೈಬಿಟ್ಟಿರುತ್ತಾರೆ, ಮೊದಲನೆಯದರಲ್ಲಿ ಇಲ್ಲದ ಸಾವಿನ ದಿನಾಂಕ ಮುಂದಿನದರಲ್ಲಿ ಬಂದಿರುತ್ತದೆ.

ರಿಜಿಸ್ಟರ್ ಬಡಕಲಾಗಿದ್ದರೆ ಶಾಲೆಯ ಮ್ಯಾಗಜಿನ್ ನೋಡಿ. ಅದರಲ್ಲಿ ‘ಸಾಲ್ವೆಟೆ’ ಎಂಬ ತಲೆಬರಹದಡಿ ಹೊಸದಾಗಿ ಬಂದವರ ಪಟ್ಟಿ, ‘ವಾಲೆಟೆ’ ಅಡಿಯಲ್ಲಿ ಬಿಟ್ಟುಹೋದವರ ಪಟ್ಟಿ ಇರುತ್ತದೆ. ಎರಡನೆಯದರಲ್ಲಿ ಹುಡುಗ ಪ್ರಿಫೆಕ್ಟ್ ಆಗಿದ್ದನೇ, ಓ.ಟಿ.ಸಿ.ಯಲ್ಲಿ (ಹುಡುಗರಿಗೆ ಸೈನಿಕ ತರಬೇತಿ ಕೊಡುತ್ತಿದ್ದ ಶಾಲಾ ದಳ, 1908ರ ನಂತರ) ಯಾವ ದರ್ಜೆಗೆ ಏರಿದ್ದ ಎಂಬುದೂ ಸಿಗುತ್ತದೆ.

ಹೆಸರೇ ಬದಲಾಗಿದ್ದರೆ

ಲೇಖಕನ ಕಾವ್ಯನಾಮ ಹಿಡಿದು ಜಾರ್ಜ್ ಆರ್ವೆಲ್ ಎಂದು ಈಟನ್ ದಾಖಲೆಯಲ್ಲಿ ಹುಡುಕಿದರೆ ಯಾರೂ ಸಿಗುವುದಿಲ್ಲ. ಅಲ್ಲಿರುವವನು ಎರಿಕ್ ಆರ್ಥರ್ ಬ್ಲೇರ್: 1903ರ ಜೂನ್ 25ರಂದು ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದವನು, ತಂದೆ ಸರ್ಕಾರದ ಅಫೀಮು ಇಲಾಖೆಯವನು, 1917ರಿಂದ 1921ರವರೆಗೆ ಕಿಂಗ್ಸ್ ಸ್ಕಾಲರ್ (ವಿದ್ಯಾರ್ಥಿವೇತನದ ಮೇಲೆ ಓದುವವನು). ಈಟನ್‌ಗೆ ಸೇರುವ ಮುಂಚೆ ಅದೇ 1917ರಲ್ಲಿ ಒಂದು ಟರ್ಮ್ ವೆಲ್ಲಿಂಗ್ಟನ್ ಕಾಲೇಜಿನಲ್ಲಿದ್ದ. ಎರಡು ಶಾಲೆಗಳ ದಾಖಲೆಯಲ್ಲಿ ಒಂದೇ ಹೆಸರು ಕಂಡಾಗ ಇಬ್ಬರೆಂದು ಗಾಬರಿಯಾಗುವ ಮೊದಲು ಹುಟ್ಟಿದ ದಿನ ತಾಳೆ ನೋಡಿ. ಈಟನ್ ಆದಮೇಲೆ ಆಕ್ಸ್‌ಫರ್ಡಿಗೂ ಹೋಗಲಿಲ್ಲ, ಕೇಂಬ್ರಿಜ್‌ಗೂ ಹೋಗಲಿಲ್ಲ. 1922ರಲ್ಲಿ ಇಂಡಿಯನ್ ಇಂಪೀರಿಯಲ್ ಪೊಲೀಸ್ ಸೇರಿ ಬರ್ಮಾಕ್ಕೆ ಹೋದ. ವಿಶ್ವವಿದ್ಯಾಲಯದ ಪಟ್ಟಿಗಳಲ್ಲಿ ಹುಡುಗ ಸಿಗದಿದ್ದರೆ ನೇರವಾಗಿ ಇಲಾಖೆಗಳ ಪಟ್ಟಿಗೆ ಹೋಗಬೇಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಜೋಡಿ ಮನೆತನದ ಹೆಸರು ಇನ್ನೊಂದು ತೊಡಕು. ಹ್ಯಾರೋದಲ್ಲಿ ಚರ್ಚಿಲ್‌ನ ಹೆಸರು ಸ್ಪೆನ್ಸರ್-ಚರ್ಚಿಲ್, ಹಾಗಾಗಿ ಹಾಜರಿಯಲ್ಲಿ ಎಸ್ ಅಕ್ಷರದ ಸರದಿ. ಎರಡೂ ಭಾಗಗಳ ಅಡಿ ಹುಡುಕಿ. ಆಸ್ತಿ ಬಂದಾಗ ರಾಯಲ್ ಲೈಸೆನ್ಸ್ (ಅರಸರ ಅನುಮತಿ) ಪಡೆದು ಮನೆತನದ ಹೆಸರು ಬದಲಿಸಿಕೊಳ್ಳುವುದೂ ಇತ್ತು. ಸರ್ಕಾರದ ಪ್ರಕಟಣೆ ಪತ್ರಿಕೆಯಾದ ಲಂಡನ್ ಗೆಜೆಟ್‌ನಲ್ಲಿ ಅದರ ಪ್ರಕಟಣೆ ಸಿಗುತ್ತದೆ. ಲಾರ್ಡ್‌ಗಳ ಮಕ್ಕಳ ವಿಷಯದಲ್ಲಿ ಬಿರುದೇ ಬೇರೆ, ಮನೆತನದ ಹೆಸರೇ ಬೇರೆ: ಸಾಲಿಸ್‌ಬರಿ ಮಾರ್ಕ್ವಿಸ್ ಮನೆತನದ ಹೆಸರು ಗ್ಯಾಸ್ಕಾಯ್ನ್-ಸೆಸಿಲ್.

ಜನಗಣತಿ

1841ರಿಂದ 1921ರವರೆಗೆ ಹತ್ತು ವರ್ಷಕ್ಕೊಮ್ಮೆ ನಡೆದ ಗಣತಿಗಳು ಈಗ ನೋಡಲು ಸಿಗುತ್ತವೆ. 1931ರದ್ದು 1942ರಲ್ಲಿ ಬೆಂಕಿಗೆ ಹೋಯಿತು, 1941ರಲ್ಲಿ ಗಣತಿಯೇ ಆಗಲಿಲ್ಲ. ಆ ಬಿರುಕನ್ನು ತುಂಬುವುದು 1939ರ ಸೆಪ್ಟೆಂಬರ್ 29ರಂದು ಬರೆದುಕೊಂಡ ರಿಜಿಸ್ಟರ್. ಅದರಲ್ಲಿ ಹುಟ್ಟಿದ ದಿನವೂ ಇರುತ್ತದೆ, ಆದರೆ ಹುಟ್ಟಿ ನೂರು ವರ್ಷ ಆಗದವರ, ಸತ್ತದ್ದು ಖಚಿತವಾಗದವರ ಸಾಲನ್ನು ಮುಚ್ಚಿರುತ್ತಾರೆ.

ಬೋರ್ಡಿಂಗ್ ಹೌಸಿನ ಗಣತಿ ಪುಟ ನೋಡಲು ಸೊಗಸು. ಮನೆಯ ಯಜಮಾನ ಎಂಬ ಕಡೆ ಹೌಸ್‌ಮಾಸ್ಟರ್, ಅವನ ಹೆಂಡತಿ ಮಕ್ಕಳು, ಮೇಟ್ರನ್, ಅಡುಗೆಯವಳು, ಕೆಲಸದ ಹೆಣ್ಣುಮಕ್ಕಳು. ಆಮೇಲೆ ಮೂವತ್ತು ನಲವತ್ತು ಹುಡುಗರು ಒಬ್ಬರ ಕೆಳಗೊಬ್ಬರು, ವಯಸ್ಸು ಹದಿಮೂರು, ಹದಿನಾಲ್ಕು, ಹದಿನೇಳು, ಹುಟ್ಟೂರಿನ ಕಡೆ ಕೆಂಟ್, ಸರ್ರಿ, ಸ್ಕಾಟ್ಲೆಂಡ್, ನಡುನಡುವೆ ‘ಈಸ್ಟ್ ಇಂಡೀಸ್’. ಬರೆದವನಿಗೆ ಬೇಸರ ಬಂದಿದ್ದರೆ ಬರೀ ಇನಿಷಿಯಲ್ ಇರುತ್ತದೆ. ಹೆಸರು ಹಾಕಿ ಸಿಗದ ಹುಡುಗನನ್ನು ಹೌಸ್‌ಮಾಸ್ಟರನ ಹೆಸರು ಹಾಕಿ ಹುಡುಕಿ.

ಶಾಲೆಯಲ್ಲಿ ಸಿಗದಿದ್ದರೆ ದಿನಾಂಕ ನೋಡಿ. 1851ರಿಂದ 1911ರವರೆಗಿನ ಗಣತಿಗಳೆಲ್ಲ ಮಾರ್ಚ್ ಕೊನೆ ಇಲ್ಲವೇ ಏಪ್ರಿಲ್ ಮೊದಲ ವಾರ, ಅಂದರೆ ಟರ್ಮ್ ಮುಗಿಯುವ ಹೊತ್ತು. ಈಸ್ಟರ್ ಬೇಗ ಬಂದ ವರ್ಷ ಹುಡುಗ ಮನೆಗೆ ಹೋಗಿರಬಹುದು. ಭಾರತದಲ್ಲಿದ್ದವರ ಮಕ್ಕಳಾದರೆ ಆ ‘ಮನೆ’ ಅಜ್ಜಿಯದೋ, ಅತ್ತೆಯದೋ, ದುಡ್ಡು ತೆಗೆದುಕೊಂಡು ಮಕ್ಕಳನ್ನು ಇಟ್ಟುಕೊಳ್ಳುತ್ತಿದ್ದ ಯಾರದೋ ಆಗಿರುತ್ತದೆ. 1921ರದ್ದು ಮುಂದಕ್ಕೆ ಹೋಗಿ ಜೂನ್ 19ರಂದು ನಡೆದದ್ದರಿಂದ ಅದರಲ್ಲಿ ಬೋರ್ಡಿಂಗ್ ಹುಡುಗರು ಶಾಲೆಯಲ್ಲೇ ಸಿಗುತ್ತಾರೆ. 1841ರದ್ದೂ ಜೂನ್ ತಿಂಗಳದೇ, ಆದರೆ ಹದಿನೈದು ದಾಟಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆದಿರುತ್ತಾರೆ: ಹತ್ತೊಂಬತ್ತರವನು ಹದಿನೈದರವನಾಗಿ ಕಾಣುತ್ತಾನೆ.

ವೃತ್ತಿಗೊಂದು ಪಟ್ಟಿ

ಇಲ್ಲಿಂದ ಮುಂದಿನ ಕೆಲಸ ಸುಲಭ, ಏಕೆಂದರೆ ಈ ವರ್ಗದವರು ಸೇರುತ್ತಿದ್ದ ಕಸುಬುಗಳೆಲ್ಲ ತಮ್ಮವರ ಪಟ್ಟಿ ಇಡುತ್ತಿದ್ದವು. ವಿಶ್ವವಿದ್ಯಾಲಯಕ್ಕೆ ಹೋಗಿದ್ದರೆ ಆಕ್ಸ್‌ಫರ್ಡಿನವರಿಗೆ ಜೋಸೆಫ್ ಫಾಸ್ಟರ್ ಮಾಡಿದ ಪಟ್ಟಿ 1886ರವರೆಗೆ, ಕೇಂಬ್ರಿಜ್‌ನವರಿಗೆ ವೆನ್ ತಂದೆ-ಮಗ ಮಾಡಿದ್ದು 1900ರವರೆಗೆ. ಎರಡೂ ತಂದೆಯ ಹೆಸರು ಕೊಡುತ್ತವೆ, ಎರಡನೆಯದು ಶಾಲೆಯನ್ನೂ ಹೇಳುತ್ತದೆ. ಗಡಿ ವರ್ಷ ಮರೆತರೆ ವ್ಯರ್ಥ ಹುಡುಕಾಟ. ಜವಾಹರಲಾಲ್ ನೆಹರು ಹ್ಯಾರೋಗೆ ಸೇರಿದ್ದು 1905ರಲ್ಲಿ, ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿಗೆ 1907ರಲ್ಲಿ. ವೆನ್ ಪಟ್ಟಿಯಲ್ಲಿ ಅವರು ಇರುವಂತಿಲ್ಲ. ಆ ಪೀಳಿಗೆಯವರಿಗೆ ಕಾಲೇಜಿನ ಪ್ರವೇಶ ದಾಖಲೆಯೇ ಗತಿ. ನೆಹರು 1912ರಲ್ಲಿ ಬ್ಯಾರಿಸ್ಟರ್ ಆದದ್ದು ಇನ್ನರ್ ಟೆಂಪಲ್‌ನಿಂದ. ಅದು, ಮಿಡ್ಲ್ ಟೆಂಪಲ್, ಲಿಂಕನ್ಸ್ ಇನ್, ಗ್ರೇಸ್ ಇನ್ ಎಂಬ ಬ್ಯಾರಿಸ್ಟರುಗಳ ನಾಲ್ಕು ಸಂಘಗಳಿಗೂ ತಮ್ಮದೇ ಪ್ರವೇಶ ದಾಖಲೆಗಳಿವೆ. ಒಂದರಲ್ಲಿ ಇಲ್ಲವೆಂದರೆ ಬ್ಯಾರಿಸ್ಟರೇ ಅಲ್ಲ ಎಂದಲ್ಲ, ಉಳಿದ ಮೂರನ್ನೂ ನೋಡಿ.

ಪಾದ್ರಿಗಳಿಗೆ 1858ರಿಂದ ಕ್ರಾಕ್‌ಫರ್ಡ್ ಡೈರೆಕ್ಟರಿ, ಡಾಕ್ಟರುಗಳಿಗೆ 1859ರಿಂದ ಮೆಡಿಕಲ್ ರಿಜಿಸ್ಟರ್. ಶಸ್ತ್ರವೈದ್ಯರ ರಾಯಲ್ ಕಾಲೇಜಿನ ಫೆಲೋ ಆಗಿದ್ದವನಾದರೆ ಪ್ಲಾರ್ ಅವರ ಸಂಗ್ರಹದಲ್ಲಿ ಪೂರ್ತಿ ಜೀವನಚಿತ್ರವೇ ಸಿಗಬಹುದು.

ಸೈನ್ಯದವರಿಗೆ ಆರ್ಮಿ ಲಿಸ್ಟ್, 1839ರಿಂದ 1915ರವರೆಗೆ ಹಾರ್ಟ್‌ನ ಪಟ್ಟಿ. ಲಂಡನ್ ಗೆಜೆಟ್ 1665ರಿಂದ ಬರುತ್ತಿದೆ, ಆನ್‌ಲೈನ್‌ನಲ್ಲಿ ಪುಕ್ಕಟೆ. ನೇಮಕ, ಬಡ್ತಿ, ನಿವೃತ್ತಿ, ಹಾಗೆಯೇ ದಿವಾಳಿತನ ಎಲ್ಲ ಅದರಲ್ಲುಂಟು. ಅದರ ಹುಡುಕು ಪೆಟ್ಟಿಗೆಯನ್ನು ಪೂರ್ತಿ ನಂಬಬೇಡಿ. ಹಳೆಯ ಅಚ್ಚನ್ನು ಯಂತ್ರ ಓದಿ ಪಠ್ಯ ಮಾಡಿರುವುದರಿಂದ ಅಕ್ಷರಗಳು ಕೆಟ್ಟಿರುತ್ತವೆ. ಮನೆತನದ ಹೆಸರಿಗಿಂತ ರೆಜಿಮೆಂಟಿನ ಹೆಸರು ಮತ್ತು ತಿಂಗಳು ಹಾಕಿದರೆ ಬೇಗ ಸಿಗುತ್ತದೆ. ಶಾಲೆ ಬಿಟ್ಟದ್ದಕ್ಕೂ ಅಧಿಕಾರಿಯಾದದ್ದಕ್ಕೂ ನಡುವೆ ಖಾಲಿ ವರ್ಷ ಕಂಡರೆ ಹುಡುಗ ಪರೀಕ್ಷೆಗೆ ಟ್ಯೂಷನ್ ಕೊಡುವ ‘ಕ್ರ್ಯಾಮರ್’ ಬಳಿ ಇದ್ದಿರಬಹುದು. ಚರ್ಚಿಲ್ ಹ್ಯಾರೋ ಬಿಟ್ಟದ್ದು 1892ರ ಕೊನೆಗೆ. ಮೂರನೇ ಸಲಕ್ಕೆ ಪರೀಕ್ಷೆ ದಾಟಿ 1893ರಲ್ಲಿ ಸ್ಯಾಂಡ್‌ಹರ್ಸ್ಟ್ ಸೇರಿ, 4ನೇ ಹುಸಾರ್ಸ್ ದಳಕ್ಕೆ ಬಂದದ್ದು 1895ರ ಫೆಬ್ರವರಿಯಲ್ಲಿ. ಮರುವರ್ಷ ದಳದ ಜೊತೆ ನಮ್ಮ ಬೆಂಗಳೂರಿಗೇ ಬಂದಿಳಿದ.

ಮೊದಲ ಮಹಾಯುದ್ಧದ ಅಧಿಕಾರಿಗಳ ಕಡತಗಳು ಕ್ಯೂನಲ್ಲಿ ಡಬ್ಲ್ಯೂ.ಓ. 339 (ಕಾಯಂ ಸೇನೆ) ಮತ್ತು ಡಬ್ಲ್ಯೂ.ಓ. 374 (ಟೆರಿಟೋರಿಯಲ್, ಅಂದರೆ ಅರೆಕಾಲಿಕ ಸೇನೆ) ಸಾಲಿನಲ್ಲಿವೆ. ಪಬ್ಲಿಕ್ ಸ್ಕೂಲಿನ ಎಷ್ಟೋ ಹುಡುಗರು 1914ರಲ್ಲಿ ಸಾಮಾನ್ಯ ಸಿಪಾಯಿಗಳಾಗಿ ಸೇರಿ ಆಮೇಲೆ ಅಧಿಕಾರಿಗಳಾದರು, ಆದ್ದರಿಂದ ಡಬ್ಲ್ಯೂ.ಓ. 372ರ ಪದಕ ಕಾರ್ಡನ್ನೂ ನೋಡಿ. ಅದರಲ್ಲಿ ಎರಡೂ ಹುದ್ದೆ ಕಾಣುತ್ತದೆ. ಸತ್ತವರಾದರೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ತಾಣದಲ್ಲಿ ಸಮಾಧಿಯೋ ಸ್ಮಾರಕದ ಹೆಸರೋ ಇದ್ದೇ ಇರುತ್ತದೆ, ಕೆಲವರಿಗೆ ತಂದೆತಾಯಿಯ ಹೆಸರೂ ಇರುತ್ತದೆ. ಭಾರತೀಯ ಸೇನೆಯ ಬ್ರಿಟಿಷ್ ಅಧಿಕಾರಿಯನ್ನು ಮಾತ್ರ ಕ್ಯೂನಲ್ಲಿ ಹುಡುಕಿ ಸುಸ್ತಾಗಬೇಡಿ. ಅವರ ಕಾಗದಗಳು ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್‌ನಲ್ಲಿರುವ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ.

ಐ.ಸಿ.ಎಸ್., ಲೋಕೋಪಯೋಗಿ, ಅರಣ್ಯ ಇಲಾಖೆಯವರಿಗೂ ಅದೇ ಸಂಗ್ರಹ. ಐ.ಸಿ.ಎಸ್.ಗೆ ಬಹಿರಂಗ ಪರೀಕ್ಷೆ ಶುರುವಾದದ್ದು 1855ರಲ್ಲಿ; ಅದಕ್ಕೂ ಹಿಂದಿನವರಾದರೆ ಶಿಫಾರಸಿನಿಂದ ಬಂದ ‘ರೈಟರ್’ಗಳು, ಅವರ ಅರ್ಜಿಗಳು ಜೆ/1 ಸಾಲಿನಲ್ಲಿ ವಯಸ್ಸಿನ ಪುರಾವೆಯ ಜೊತೆಗೇ ಇರುತ್ತವೆ. ಭಾರತದಲ್ಲಿ ನಡೆದ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳ ಚರ್ಚ್ ಪಟ್ಟಿ ಎನ್/1 ಬಂಗಾಳ, ಎನ್/2 ಮದರಾಸು, ಎನ್/3 ಬೊಂಬಾಯಿ. ಮೈಸೂರು ಸೀಮೆಯಲ್ಲಿದ್ದವರನ್ನು ಮದರಾಸಿನ ಕಟ್ಟಿನಲ್ಲಿ ಹುಡುಕಬೇಕು. ಫಿಬಿಸ್ ಎಂಬ, ಬ್ರಿಟಿಷ್ ಭಾರತದಲ್ಲಿದ್ದ ಕುಟುಂಬಗಳ ಇತಿಹಾಸ ಹುಡುಕುವ ಸಂಘದ ತಾಣದಲ್ಲಿ ಇವುಗಳ ಸೂಚಿ ಪುಕ್ಕಟೆ ನೋಡಬಹುದು.

ವ್ಯಾಪಾರಕ್ಕೆ ಹೋದವರೇ ಕಷ್ಟ. ಬ್ಯಾಂಕಿನ ಗುಮಾಸ್ತ, ಚಹಾ ತೋಟದ ಮ್ಯಾನೇಜರ್, ಅಪ್ಪನ ಮದ್ಯದ ಕಾರ್ಖಾನೆ ನೋಡಿಕೊಂಡವನು, ಇವರಿಗೆ ಪಟ್ಟಿಯಿಲ್ಲ. ಗಣತಿಯ ಕಸುಬಿನ ಕಾಲಂ, ಊರಿನ ಡೈರೆಕ್ಟರಿ, ಬ್ರಿಟಿಷ್ ನ್ಯೂಸ್‌ಪೇಪರ್ ಆರ್ಕೈವ್‌ನಲ್ಲಿ ಸ್ಥಳೀಯ ಪತ್ರಿಕೆಯ ಮದುವೆ ವರದಿ, ಹಡಗಿನ ಪ್ರಯಾಣಿಕರ ಪಟ್ಟಿ (ಹೊರಟವರದು ಬಿ.ಟಿ. 27, 1890ರಿಂದ 1960), ಇಷ್ಟನ್ನು ಜೋಡಿಸಿಯೇ ಬದುಕು ಕಟ್ಟಬೇಕು.

ಹೆಣ್ಣುಮಕ್ಕಳ ಶಾಲೆಗಳು

ಚೆಲ್ಟನ್‌ಹ್ಯಾಮ್ ಲೇಡೀಸ್ ಕಾಲೇಜು (1853), ರೋಡೀನ್ (1885) ಮುಂತಾದ ಶಾಲೆಗಳ ಹಳೆಯ ವಿದ್ಯಾರ್ಥಿನಿಯರು ಮದುವೆಯ ನಂತರ ದಾಖಲೆಯಿಂದ ಮಾಯವಾಗುತ್ತಾರೆ. ಮದುವೆ ಸೂಚಿಯಲ್ಲಿ ಗಂಡ-ಹೆಂಡಿರ ಮನೆತನದ ಹೆಸರು ಎದುರುಬದುರು ಬರುವುದು 1912ರಿಂದ. ಅದಕ್ಕೆ ಮುಂಚೆಯಾದರೆ ಪುಟಸಂಖ್ಯೆ ಹೊಂದಿಸಿ ನೋಡಬೇಕು, ಒಂದು ಪುಟದಲ್ಲಿ ಎರಡು ಜೋಡಿ ಇರುವುದುಂಟು. ಪದವಿ ಪಟ್ಟಿಯಲ್ಲಿ ಹೆಸರಿಲ್ಲವೆಂದು ಓದಲೇ ಇಲ್ಲ ಎನ್ನುವಂತಿಲ್ಲ. ಆಕ್ಸ್‌ಫರ್ಡ್ ಹೆಂಗಸರಿಗೆ ಪದವಿ ಕೊಟ್ಟದ್ದು 1920ರಿಂದ, ಕೇಂಬ್ರಿಜ್ 1948ರಿಂದ. ಅದಕ್ಕೂ ಎಷ್ಟೋ ಮೊದಲು ಓದಿ ಪರೀಕ್ಷೆ ಪಾಸಾದವರು ಕೇಂಬ್ರಿಜ್‌ನ ಗರ್ಟನ್, ನ್ಯೂನ್‌ಹ್ಯಾಮ್ ಮುಂತಾದ ಹೆಂಗಸರ ಕಾಲೇಜುಗಳ ಸ್ವಂತ ರಿಜಿಸ್ಟರುಗಳಲ್ಲಿದ್ದಾರೆ.

ಸಾವು ಮತ್ತು ಉಯಿಲು

ಹುಟ್ಟು, ಮದುವೆ, ಸಾವುಗಳ ಸರ್ಕಾರಿ ನೋಂದಣಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಶುರುವಾದದ್ದು 1837ರ ಜುಲೈ 1ರಂದು. ಸೂಚಿಯನ್ನು ಫ್ರೀಬಿಎಂಡಿ ತಾಣದಲ್ಲಿ ನೋಡಿ, ಬೇಕಾದ ನಮೂದಿನ ಪ್ರತಿಯನ್ನು ಜನರಲ್ ರಿಜಿಸ್ಟರ್ ಆಫೀಸಿನಿಂದ ತರಿಸಬಹುದು. ಸೂಚಿಯಲ್ಲಿರುವ ತ್ರೈಮಾಸಿಕ ನೋಂದಣಿಯದು, ಘಟನೆಯದಲ್ಲ: ಡಿಸೆಂಬರಿನಲ್ಲಿ ಹುಟ್ಟಿದವನು ಮುಂದಿನ ಮಾರ್ಚ್ ತ್ರೈಮಾಸಿಕದಲ್ಲಿ ಸಿಗಬಹುದು.

1858ರ ಜನವರಿಯಿಂದ ಪ್ರೊಬೇಟ್ ಕೋರ್ಟು (ಉಯಿಲುಗಳನ್ನು ಊರ್ಜಿತಗೊಳಿಸುವ ನ್ಯಾಯಾಲಯ) ವರ್ಷಕ್ಕೊಂದು ಪಟ್ಟಿ ಮಾಡಿದೆ: ಸತ್ತ ದಿನ, ಜಾಗ, ವಿಳಾಸ, ಉಯಿಲು ಜಾರಿ ಮಾಡಿದವರು, ಆಸ್ತಿಯ ಮೊತ್ತ. ಸತ್ತ ವರ್ಷವನ್ನಷ್ಟೇ ನೋಡಿ ಬಿಡಬೇಡಿ, ಮುಂದಿನ ನಾಲ್ಕೈದು ವರ್ಷವನ್ನೂ ತಿರುವಿ. 1870ರವರೆಗೆ ಉಯಿಲು ಬರೆಯದೆ ಸತ್ತವರ ಪಟ್ಟಿ ಬೇರೆ ಸಂಪುಟದಲ್ಲಿದೆ. ಮೊತ್ತ ನೋಡಿ ಬಡವ-ಬಲ್ಲಿದ ಎಂದು ತೀರ್ಪು ಕೊಡುವ ಮುನ್ನ ಒಂದು ವಿಷಯ: 1898ಕ್ಕೆ ಮುಂಚಿನ ಲೆಕ್ಕದಲ್ಲಿ ಜಮೀನು ಸೇರುತ್ತಿರಲಿಲ್ಲ. ಸಾವಿರಾರು ಎಕರೆಯ ಒಡೆಯ ಅಲ್ಲಿ ಬಡವನಂತೆ ಕಾಣಬಹುದು. 1858ಕ್ಕೆ ಹಿಂದಿನ ಶ್ರೀಮಂತರ ಉಯಿಲುಗಳು ಕ್ಯೂನ ಪ್ರಾಬ್ 11 ಸಾಲಿನಲ್ಲಿವೆ.

ಒಬ್ಬನನ್ನಲ್ಲ, ಒಂದು ತಂಡವನ್ನೇ ಹುಡುಕುವುದಾದರೆ

‘ಈ ಶಾಲೆಯವರು ಏನಾದರು’ ಎಂಬ ಪ್ರಶ್ನೆಗೆ ಪ್ರಸಿದ್ಧರ ಪಟ್ಟಿ ಉತ್ತರವಲ್ಲ. ಮಂತ್ರಿಗಳನ್ನೂ ಜನರಲ್‌ಗಳನ್ನೂ ಎಣಿಸಿದರೆ ಎಲ್ಲ ಶಾಲೆಯೂ ಮಂತ್ರಿ-ಜನರಲ್‌ಗಳ ಕಾರ್ಖಾನೆಯಂತೆ ಕಾಣುತ್ತದೆ. ಅದರ ಬದಲು ಒಂದು ವರ್ಷದ ಒಂದು ಟರ್ಮಿನಲ್ಲಿ ಸೇರಿದ ಎಲ್ಲರನ್ನೂ ತೆಗೆದುಕೊಳ್ಳಿ, ಒಬ್ಬರನ್ನೂ ಬಿಡಬೇಡಿ. ಹುಡುಗನಿಗೊಂದು ಸಾಲಿನ ಸ್ಪ್ರೆಡ್‌ಶೀಟ್ ಸಾಕು. ಆದರೆ ಪ್ರತಿ ಸಂಗತಿಯ ಪಕ್ಕ ಅದು ಯಾವ ದಾಖಲೆಯ ಯಾವ ಪುಟದ್ದು, ನೋಡಿದ ದಿನ, ಖಚಿತವೋ ಸಂಭವವೋ ಊಹೆಯೋ ಎಂಬ ಮೂರು ಕಾಲಂ ಕಡ್ಡಾಯ. ಈಗ ಊಹೆ ಎಂದು ಬರೆದದ್ದು ಆರು ತಿಂಗಳ ನಂತರ ನಿಮ್ಮ ಕಣ್ಣಿಗೇ ಸತ್ಯವಾಗಿ ಕಾಣಲು ಶುರುವಾಗುತ್ತದೆ. ಸಿಗದವರ ಸಾಲನ್ನು ಅಳಿಸಬೇಡಿ, ‘ಪತ್ತೆಯಿಲ್ಲ’ ಎಂದೇ ಇಡಿ. ಹತ್ತರಲ್ಲಿ ಮೂವರು ವಕೀಲರಾದರು ಎನ್ನುವುದಕ್ಕೂ ಪತ್ತೆಯಾದ ಆರರಲ್ಲಿ ಮೂವರು ವಕೀಲರಾದರು ಎನ್ನುವುದಕ್ಕೂ ಇರುವ ವ್ಯತ್ಯಾಸ ಆ ಸಾಲುಗಳಲ್ಲೇ ಇದೆ.

ಶಾಲೆಯ ಆರ್ಕೈವಿಸ್ಟ್‌ಗೆ ಬರೆಯುವುದು ಕೊನೆಗೆ, ಅಚ್ಚಾದದ್ದನ್ನೆಲ್ಲ ನೋಡಿಯಾದ ಮೇಲೆ. ಬಹಳ ಕಡೆ ಒಬ್ಬರೇ, ವಾರಕ್ಕೆ ಎರಡು ಮೂರು ದಿನ ಕೆಲಸ ಮಾಡುವವರು ಇರುತ್ತಾರೆ. ‘ನಿಮ್ಮಲ್ಲಿರುವುದನ್ನೆಲ್ಲ ಕಳಿಸಿ’ ಎಂದರೆ ಉತ್ತರ ಬರುವುದು ಅನುಮಾನ. ಹೆಸರು, ಹುಟ್ಟಿದ ದಿನ, ಹೌಸ್, ವರ್ಷ, ನೀವು ಈಗಾಗಲೇ ನೋಡಿರುವುದೇನು, ಬೇಕಿರುವುದೇನು (ಹೌಸ್ ಫೋಟೊ, ಪ್ರವೇಶ ಪುಸ್ತಕದ ಪುಟ) ಎಂದು ಐದಾರು ಸಾಲಿನಲ್ಲಿ ಬರೆಯಿರಿ.

ಬದುಕಿರುವವರ ವಿಷಯದಲ್ಲಿ ನಿಯಮವೇ ಬೇರೆ. 2018ರ ಡೇಟಾ ಪ್ರೊಟೆಕ್ಷನ್ ಕಾಯ್ದೆ ಅವರಿಗೆ ಅನ್ವಯಿಸುವುದರಿಂದ ಶಾಲೆ ಅವರ ವಿಳಾಸ, ಅಂಕ, ಕಡತ ಯಾವುದನ್ನೂ ಕೊಡುವುದಿಲ್ಲ. ಕೊಡಿ ಎಂದು ಪೀಡಿಸುವುದೂ ತರವಲ್ಲ. ಹಳೆಯ ವಿದ್ಯಾರ್ಥಿ ಸಂಘದ ಕಚೇರಿಗೆ ಪತ್ರ ಕಳಿಸಿ, ಅವರಿಗೆ ತಲುಪಿಸಿ ಎಂದು ಕೇಳಬಹುದು. ಹೆಚ್ಚಿನ ಸಂಘಗಳು ತಲುಪಿಸುತ್ತವೆ. ಉತ್ತರ ಬಾರದಿದ್ದರೆ ಎರಡನೇ ಪತ್ರ ಬೇಡ.